ಗುರುವಾರದವರ ಹೆಬ್ಬೆರಳು

ನರ್ಸಮ್ಮ ಕೊಟ್ಟ ಪುಸ್ತಕವನ್ನು ಬೈಂಡರು ತೆಗೆದುಕೊಂಡರು, ಬೆನ್ನು ಸವರಿದರು, ಅಂಚು ನೋಡಿದರು, "ಹ್ಞೂ" ಎಂದು ಕಟ್ಟೆಯ ಮೇಲಿಟ್ಟರು. ಕೈ ಹಿಂದಕ್ಕೆ ಎಳೆದುಕೊಂಡಾಗ ಹೆಬ್ಬೆರಳಿಗೆ ಸುತ್ತಿದ್ದ ಕಾಗದದ ಪಟ್ಟಿ ಮಾತ್ರ ಜೊತೆಗೆ ಬರಲಿಲ್ಲ. ಅದು ಪುಸ್ತಕದ ರಟ್ಟಿಗೆ ಅಂಟಿಕೊಂಡು, ಹೆಬ್ಬೆರಳಿನ ಆಕಾರವನ್ನು ಹಾಗೇ ಉಳಿಸಿಕೊಂಡು, ಬಸವನಹುಳುವಿನ ಚಿಪ್ಪಿನಂತೆ ಕುಳಿತುಬಿಟ್ಟಿತು.

ನರ್ಸಮ್ಮ ಅದನ್ನು ಉಗುರಿನ ತುದಿಯಿಂದ ಬಿಡಿಸಿ, ಬೆಳಕಿಗೆ ಹಿಡಿದು, ಒಳಗೂ ಒಮ್ಮೆ ಇಣುಕಿ ನೋಡಿದರು.

"ಏನ್ರೀ ಇದು?"

"ಲೇಬಲ್ಲು."

"ಲೇಬಲ್ಲಿಗೆ ಕೀವು ಬರತ್ತಾ?"

ಬೈಂಡರ ಬಲಗೈ ಅಷ್ಟರಲ್ಲಿ ಕಟ್ಟೆಯ ಕೆಳಗೆ ಹೋಗಿ, ಅಲ್ಲಿ ಏನೋ ಬಹಳ ಮುಖ್ಯವಾದ ಕೆಲಸವಿದೆ ಎಂಬಂತೆ ಅಲ್ಲೇ ಉಳಿದಿತ್ತು. ಕಿವಿ ಬಿಸಿಯಾಗಿತ್ತು. ಐವತ್ತೆಂಟು ವರ್ಷದ ಮನುಷ್ಯ ಗಿರಾಕಿಯ ಎದುರು ತನ್ನ ಗಾಯವನ್ನೇ ರಟ್ಟಿಗೆ ಮೆತ್ತಿ ಕೊಟ್ಟರೆ ಏನು ಹೇಳಬೇಕು ಎಂಬುದು ಯಾವ ಕಸುಬಿನಲ್ಲೂ ಕಲಿಸಿರುವುದಿಲ್ಲ. ಅವರಿಗೆ ಬರುವ ಒಂದೇ ಮಾತನ್ನು ಅವರು ಹೇಳಿದರು.

"ಗುರುವಾರ ಬನ್ನಿ."

ಪೇಟೆಯಲ್ಲಿ ಅವರಿಗೆ 'ಗುರುವಾರದವರು' ಎಂಬ ಹೆಸರು ಬಂದದ್ದೇ ಈ ಮಾತಿನಿಂದ. ಸೋಮವಾರ ಕೊಟ್ಟರೂ ಗುರುವಾರ, ಬುಧವಾರ ಕೊಟ್ಟರೂ ಗುರುವಾರ. ಗುರುವಾರವೇ ಕೊಟ್ಟರೆ ಒಂದು ಕ್ಷಣ ಯೋಚಿಸಿ, ಗುರುವಾರ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅವರು ಬಾಯಿ ಬಿಟ್ಟು ಆಡಿದ್ದು ಇದೊಂದೇ ಮಾತಾಗಿರುತ್ತಿತ್ತು.

ನರ್ಸಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಊರಿನ ಗಾಯಗಳನ್ನು ತೊಳೆದು ನಿವೃತ್ತರಾದವರು. ಬಸ್ಸಿನಲ್ಲಿ ಗೊತ್ತಿಲ್ಲದವರ ಮೊಣಕೈ ಹಿಡಿದು ತಿರುಗಿಸಿ ನೋಡಿ ಎರಡು ಸಲ ಬೈಸಿಕೊಂಡ ಮೇಲೆ, ಇನ್ನು ಮುಂದೆ ಯಾರಾದರೂ ತಾವಾಗಿ ತೋರಿಸದೆ ಯಾರ ಗಾಯವನ್ನೂ ನೋಡಬಾರದೆಂದು ತೀರ್ಮಾನ ಮಾಡಿದ್ದರು. ಈ ಸೋಮವಾರವೂ ಆ ತೀರ್ಮಾನಕ್ಕೆ ಅಂಟಿಕೊಂಡರು. "ಸೋಪು ಹಾಕಿ ಹರಿಯೋ ನೀರಲ್ಲಿ ತೊಳೀರಿ. ಕಾಗದ ಸುತ್ತಬೇಡಿ. ಟಿಟಿ ಇಂಜೆಕ್ಷನ್ ತಗೊಂಡಿಲ್ಲ ಅಂದ್ರೆ ತಗೊಳ್ಳಿ" ಎಂದಷ್ಟೇ ಹೇಳಿ, ಚಿಪ್ಪನ್ನು ಕಟ್ಟೆಯ ಮೇಲಿಟ್ಟು ಹೋದರು.

ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಮುಂದೆ ಕಟ್ಟೆ, ಹಿಂದೆ ಕಬ್ಬಿಣದ ಪ್ರೆಸ್ಸು, ರಟ್ಟಿನ ರಾಶಿ, ಅಂಟಿನ ಡಬ್ಬಿ, ಎದುರುಬದುರಾಗಿ ಎರಡು ಸ್ಟೂಲು. ಅದರ ಹಿಂದೆ ಪರದೆ, ಪರದೆಯ ಹಿಂದೆ ಮಂಚ ಮತ್ತು ಸ್ಟೌವು. ಅಲ್ಲಿಗೆ ಮನೆಯೂ ಮುಗಿಯಿತು. ಮಹಡಿಯವರು ಹತ್ತಿ ಇಳಿಯುವ ಸದ್ದು ನೇರ ತಲೆಯ ಮೇಲೆ ಬೀಳುತ್ತಿತ್ತು. ಮೇಲಿನ ನಾಲ್ಕು ಮನೆಯವರ ಹೆಜ್ಜೆಯೂ ಬೈಂಡರಿಗೆ ಗುರುತಿತ್ತು, ಮುಖ ಗುರುತಿರಲಿಲ್ಲ. ಆ ಕೋಣೆಗೆ ಶಬ್ದಕೋಶಗಳು ಬರುತ್ತಿದ್ದವು, ಕಚೇರಿಯ ಕಡತಗಳು, ಶಾಲೆಯ ಹಾಜರಿ ಪುಸ್ತಕಗಳು ಬರುತ್ತಿದ್ದವು. ಹಾಸ್ಯ ಲೇಖನಗಳ ಪುಸ್ತಕ ಮಾತ್ರ ಒಂದೂ ಬಂದದ್ದಿಲ್ಲ. ಪುಸ್ತಕ ಕಿತ್ತುಹೋಗಬೇಕಾದರೆ ಮೊದಲು ಯಾರಾದರೂ ಅದನ್ನು ತೆರೆಯಬೇಕಲ್ಲ.

ಎರಡನೆಯ ಸ್ಟೂಲು ಅಕ್ಕನದು. ಅಕ್ಕ ತಮ್ಮ ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಅಕ್ಕ, "ಹೊಲಿಗೆ ಮುಗಿದಿಲ್ಲ" ಅನ್ನುತ್ತಿದ್ದಳು. ಅವಳು ಹೊಲಿಯುವುದು, ಇವರು ಕತ್ತರಿಸಿ ಅಂಟಿಸುವುದು. ಮೂವತ್ತಾರು ವರ್ಷ ಹಾಗೇ ನಡೆಯಿತು. ದಿನಾ ಅಂಗಡಿ ಮುಚ್ಚುವ ಮುಂಚೆ ಅವಳು ತಮ್ಮನ ಕೈಯನ್ನು ದೀಪದ ಕೆಳಗೆ ಎಳೆದುಕೊಂಡು ಬೆರಳು ಬೆರಳು ನೋಡುತ್ತಿದ್ದಳು. ಗೀರಿದ್ದರೆ ತೊಳೆಸುತ್ತಿದ್ದಳು, ಶುಭ್ರವಾದ ಬಟ್ಟೆ ಕಟ್ಟುತ್ತಿದ್ದಳು. ಇದು ಪ್ರೀತಿ ಎಂದು ತಮ್ಮ ತಪ್ಪು ತಿಳಿಯಬಾರದೆಂದು, "ಪುಟಕ್ಕೆ ರಕ್ತ ಹತ್ತಿದ್ರೆ ಹೋಗಲ್ಲ ಕಣೋ, ನಿನಗೋಸ್ಕರ ಅಲ್ಲ" ಎಂದು ಪ್ರತಿದಿನವೂ ಸ್ಪಷ್ಟಪಡಿಸುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಗಿತ್ತು. ಈಗ ಹೊಲಿಗೆಯೂ ಇವರದೇ. ಕೈ ನೋಡುವ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಂಡಿರಲಿಲ್ಲ.

ಗಾಯ ಆದದ್ದು ಶನಿವಾರ. ಯಾವುದೋ ಕಚೇರಿಯ ಹಳೆಯ ಕಡತದಿಂದ ತುಕ್ಕು ಹಿಡಿದ ಪಿನ್ನುಗಳನ್ನು ಕೀಳುತ್ತಿದ್ದಾಗ ಒಂದು ಪಿನ್ನು ಬಲ ಹೆಬ್ಬೆರಳಿನ ಮೆತ್ತೆಯೊಳಗೆ ನೆಟ್ಟಗೆ ಇಳಿದಿತ್ತು. ಬಂದ ರಕ್ತ ಒಂದೇ ಹನಿ. ಬೈಂಡರು ಬೆರಳನ್ನು ಅಂಗಿಗೆ ಒರೆಸಿ, ಅಂಟು ಸವರಿ, ಕಾಗದದ ಪಟ್ಟಿ ಸುತ್ತಿ ಮುಂದಿನ ಪಿನ್ನಿಗೆ ಹೋದರು. ಇದರ ಹಿಂದೆ ಒಂದು ತರ್ಕವಿತ್ತು. ಅವರ ಅಂಟು ಮೈದಾಹಿಟ್ಟಿನದು, ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿರುತ್ತಿದ್ದರು. ಆ ಅಂಟು ಹಾಕಿದ ಪುಸ್ತಕಕ್ಕೆ ಮೂವತ್ತೈದು ವರ್ಷವಾದರೂ ಹುಳ ಬಿದ್ದಿಲ್ಲ. ಅಂದಮೇಲೆ ನಾಲ್ಕು ದಿನದ ಮಟ್ಟಿಗೆ ಒಂದು ಹೆಬ್ಬೆರಳನ್ನು ಕಾಯಲು ಅದಕ್ಕೆ ಏನು ಧಾಡಿ? ಪುಸ್ತಕಕ್ಕೆ ಹಿಡಿಯುವ ಹುಳವೇ ಬೇರೆ, ಬೆರಳಿಗೆ ಹಿಡಿಯುವ ನಂಜೇ ಬೇರೆ, ಗಾಯದ ಬಾಯಿಯನ್ನು ಹೀಗೆ ಮುಚ್ಚಿ ಮೆತ್ತಿದರೆ ನಂಜಿಗೆ ಒಳಗೆ ಬೆಚ್ಚಗೆ ಮನೆ ಮಾಡಿಕೊಟ್ಟ ಹಾಗೆ ಎಂಬುದು ಆ ತರ್ಕದಲ್ಲಿ ಸೇರಿರಲಿಲ್ಲ.

ಬೈಂಡರಿಗೆ ಬಲಗೈ ಹೆಬ್ಬೆರಳು ಬರಿಯ ಬೆರಳಲ್ಲ. ಬೆನ್ನು ಒತ್ತುವುದು ಅದು, ಅಂಚು ಸಮವಾಯಿತೇ ಎಂದು ತಿಳಿಯುವುದು ಅದು, ಸೂಜಿ ತಳ್ಳುವುದು ಅದು. ಅದು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಗುರುವಾರ ಬನ್ನಿ ಎಂದು ಹೇಳಲೂ ಯಾರೂ ಇರುವುದಿಲ್ಲ.

ನರ್ಸಮ್ಮ ಹೇಳಿದ್ದೊಂದನ್ನೂ ಮಾಡದೆ ಬಿಟ್ಟಿದ್ದ ಬೆರಳು ಮಂಗಳವಾರ ಎರಡರಷ್ಟಾಗಿ, ಒಳಗೊಂದು ಸಣ್ಣ ಗಡಿಯಾರ ಇಟ್ಟ ಹಾಗೆ ಮಿಡಿಯತೊಡಗಿತು. ನರ್ಸಮ್ಮನ ಪುಸ್ತಕ ಹೊಲಿಯಲು ಕುಳಿತವರು ಒಂದು ಹೊಲಿಗೆಗೆ ಒಂದು ಸಲ ನಿಲ್ಲಿಸಬೇಕಾಯಿತು. ಹಾಗೆ ನಿಲ್ಲಿಸಿ, ನೋವು ಇಳಿಯಲೆಂದು ಕಾಯುತ್ತಾ, ಅವರು ಕಸುಬಿನಲ್ಲಿ ಎಂದೂ ಮಾಡದಿದ್ದ ಒಂದು ಕೆಲಸ ಮಾಡಿದರು. ಓದಿದರು.

ಬೈಂಡರ್ ಆದವನು ಪುಸ್ತಕ ಓದಬಾರದು. ಓದಿದರೆ ಗುರುವಾರ ಬರುವುದಿಲ್ಲ. ಅವರ ಪಾಲಿಗೆ ಪುಸ್ತಕವೆಂದರೆ ಬೆನ್ನು, ಅಂಚು, ಪುಟಸಂಖ್ಯೆ. ಈ ಪುಸ್ತಕ ದಾದಿಯರ ತರಬೇತಿಗೆಂದು ಎಂದೋ ಅಚ್ಚಾದದ್ದು. ಗಾಯದ ಅಧ್ಯಾಯ ತೆರೆದಿತ್ತು. 'ಗಾಯವು ಮಾಯುವುದನ್ನು ಬಿಟ್ಟು ದಿನೇದಿನೇ ಹೆಚ್ಚು ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ಮಿಡಿಯುವುದು, ಕೀವುಗಟ್ಟುವುದು, ಇವು ನಂಜಾದ ಲಕ್ಷಣಗಳು.' ಬೈಂಡರು ಒಂದೊಂದನ್ನೂ ಓದಿ ಬೆರಳು ನೋಡಿದರು. ಪುಟ ಜೋಡಿಸಿದ ಹಾಗೆ ಸರಿಹೊಂದುತ್ತಿತ್ತು. ಒಂದೂ ಕಡಿಮೆ ಇರಲಿಲ್ಲ. 'ಕೆಂಪಿನ ಅಂಚಿಗೆ ಪೆನ್ನಿನಿಂದ ಗುರುತು ಮಾಡಿ, ಕೆಂಪು ಗುರುತನ್ನು ದಾಟುವುದೋ ಎಂದು ಗಮನಿಸತಕ್ಕದ್ದು.' ಅವರು ಪೆನ್ನು ಹುಡುಕಿ ಎಳೆದರು. ಬೆರಳಿಗೆ ಅಳತೆಪಟ್ಟಿ ಕೂರುವುದಿಲ್ಲ, ಜೊತೆಗೆ ಎಡಗೈ. ಗೆರೆ ಸೊಟ್ಟಗಾಯಿತು. ಕಸುಬಿಗೆ ಬಂದಮೇಲೆ ಅವರು ಎಳೆದ ಮೊದಲ ಸೊಟ್ಟ ಗೆರೆ. ನೋವಿಗಿಂತ ಅದೇ ಹೆಚ್ಚು ಬೇಜಾರಾಯಿತು.

ಬುಧವಾರ ಬೆಳಿಗ್ಗೆ ಕೆಂಪು ಆ ಗೆರೆಯನ್ನು ದಾಟಿ ಅರ್ಧ ಬೆರಳಷ್ಟು ಮುಂದೆ ಹೋದ ಹಾಗಿತ್ತು. ದಾಟಿದೆಯೋ, ತಮಗೆ ಹಾಗೆ ಕಾಣುತ್ತಿದೆಯೋ ಎಂಬ ಅನುಮಾನ ಬಂತು. "ದಾಟಿದೆಯಾ ನೋಡು" ಎಂದು ಕೇಳಲು ಎದುರಿನ ಸ್ಟೂಲಿನಲ್ಲಿ ಇದ್ದದ್ದು ಹಾಜರಿ ಪುಸ್ತಕಗಳ ಕಟ್ಟು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಇಳಿದು ಬಂತು. ಬೈಂಡರು ಬಾಗಿಲವರೆಗೆ ಹೋದರು, ಕೈ ಮುಂದೆ ಮಾಡಿದರು, ಮುಖ ಗೊತ್ತಿಲ್ಲದ ಮನುಷ್ಯನಿಗೆ ಬೆರಳು ತೋರಿಸಿ ಏನು ಹೇಳುವುದು ಎಂದು ತಿಳಿಯದೆ ತಲೆ ಕೆರೆದುಕೊಂಡು ಒಳಗೆ ಬಂದರು.

ಮತ್ತೆ ಪುಸ್ತಕಕ್ಕೇ ಮೊರೆಹೋದರು. ನಲವತ್ತೆಂಟನೆಯ ಪುಟದ ಕೊನೆಯ ಸಾಲು ಹೀಗಿತ್ತು: 'ಕೆಂಪು ಗೆರೆಯೊಂದು ಗಾಯದಿಂದ ಮೇಲಕ್ಕೆ ಏರುತ್ತಿದ್ದಲ್ಲಿ, ಅಥವಾ ರೋಗಿಗೆ ಚಳಿಜ್ವರ ಬಂದಲ್ಲಿ, ಕಿಂಚಿತ್ತೂ ವಿಳಂಬ ಮಾಡದೆ'. ಬೈಂಡರು ಪುಟ ತಿರುಗಿಸಿದರು. ಮುಂದಿನ ಪುಟ ಅರವತ್ತೈದು. ಅದು 'ಹೀಗೆ ಮಾಡಿದ್ದರಿಂದ ರೋಗಿಯ ಕೈ ಉಳಿಯಿತು' ಎಂದು ಸಮಾಧಾನ ಹೇಳಿ, ಹಾಸಿಗೆಯ ಹೊದಿಕೆ ಬದಲಿಸುವ ಕ್ರಮಕ್ಕೆ ಹೋಗುತ್ತಿತ್ತು. ಹದಿನಾರು ಪುಟದ ಒಂದು ಮಡಿಕೆ, ಕಸುಬಿನವರ ಮಾತಿನಲ್ಲಿ ಒಂದು ಫಾರಂ, ಪೂರ್ತಿ ಇರಲಿಲ್ಲ.

ಅಂಗಿಯ ತೋಳು ಮೇಲೆತ್ತಿ ನೋಡಿದರು. ಮಣಿಕಟ್ಟಿನಿಂದ ಮೇಲಕ್ಕೆ ತೆಳುವಾದ ಒಂದು ಕೆಂಪು ಗೆರೆ ಹೊರಟಿತ್ತು. ಅವರು ಎಳೆದದ್ದಕ್ಕಿಂತ ಇದು ನೆಟ್ಟಗಿತ್ತು. ಮೈ ಒಂದೇ ಸಮನೆ ನಡುಗತೊಡಗಿತ್ತು.

ನಂಜಾಗಿದೆ, ಹೆದರಿಕೆಯಾಗುತ್ತಿದೆ ಎಂದು ಹೇಳಿಕೊಂಡು ಒಬ್ಬರ ಮನೆಗೆ ಹೋಗುವುದು ಅವರ ಜಾಯಮಾನದಲ್ಲಿರಲಿಲ್ಲ. ಆದರೆ ಫಾರಂ ಕಾಣೆಯಾದರೆ ಗಿರಾಕಿಗೆ ತಿಳಿಸುವುದು ಕಸುಬಿನ ಧರ್ಮ. ಬೈಂಡರು ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು, ಅಲ್ಲೂ ಏನೋ ಗಂಟು ನೋಯುತ್ತಿದೆಯಲ್ಲ ಎಂದು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಹೊರಟರು.

ನರ್ಸಮ್ಮನದು ಲಾಂಡ್ರಿಯ ಮೇಲಿನ ಒಂದೇ ಕೋಣೆ. ಕೆಳಗಿನ ಇಸ್ತ್ರಿಯ ಬಿಸಿ ನೆಲದಲ್ಲೇ ತಿಳಿಯುತ್ತಿತ್ತು. ಒಂದು ಮಂಚ, ಕತ್ತು ಬಗ್ಗಿಸುವ ದೀಪ, ಎರಡು ಕುರ್ಚಿ. ಅದರಲ್ಲಿ ಒಂದರ ಮೇಲೆ ಮಡಚದ ಬಟ್ಟೆ ಕುತ್ತಿಗೆಯವರೆಗೆ ಬಂದಿತ್ತು.

"ಇವತ್ತು ಬುಧವಾರ ಅಲ್ವೇನ್ರೀ?" ಅಂದರು ನರ್ಸಮ್ಮ, ಬಾಗಿಲು ತೆರೆದು.

"ನಲವತ್ತೊಂಬತ್ತರಿಂದ ಅರವತ್ನಾಲ್ಕು ಇಲ್ಲ."

"ಗೊತ್ತು. ಆ ಪುಟಗಳನ್ನ ಡ್ರೆಸ್ಸಿಂಗ್ ಕೋಣೆ ಗೋಡೆಗೆ ಅಂಟಿಸಿದ್ದೆ. ರಿಟೈರ್ ಆದಾಗ ಗೋಡೆ ಕಿತ್ಕೊಂಡು ಬರೋಕಾಗ್ಲಿಲ್ಲ."

"ಅದರಲ್ಲಿ ಏನಿತ್ತು?"

"ಯಾಕೆ, ಪುಸ್ತಕ ಓದೋ ಬೈಂಡರ್ ಆದ್ರಾ?"

"ಹಾಗಲ್ಲ. ವಿಳಂಬ ಮಾಡದೆ ಅಂತ ನಿಂತುಹೋಗಿದೆ. ವಿಳಂಬ ಮಾಡದೆ ಏನು ಮಾಡ್ಬೇಕು ಅಂತ..." ಎಂದು ಬೈಂಡರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹಲ್ಲು ಕಟಕಟ ಅನ್ನುತ್ತಿತ್ತು.

ನರ್ಸಮ್ಮ ಅವರ ಮುಖ ನೋಡಿದರು. ಆಮೇಲೆ, "ತೋರಿಸ್ತೀರಾ?" ಎಂದರು. ತೀರ್ಮಾನ ತೀರ್ಮಾನವೇ.

ಬೈಂಡರು ತೋರಿಸಿದರು.

ಅವರು ಮೊದಲು ಮುಟ್ಟಲಿಲ್ಲ. ಹೋಗಿ ತಮ್ಮ ಕೈಯನ್ನು ಸೋಪು ಹಾಕಿ ನಿಧಾನವಾಗಿ ತೊಳೆದುಕೊಂಡು ಬಂದರು. ದೀಪದ ಕತ್ತು ಬಗ್ಗಿಸಿದರು. ಪೆನ್ನಿನ ಗೆರೆ ನೋಡಿದರು, ಕೆಂಪು ಗೆರೆ ನೋಡಿದರು, ಹಣೆ ಮುಟ್ಟಿದರು, ಕಂಕುಳ ಗಂಟು ಒತ್ತಿದರು. ಬೈಂಡರು ಕೈಯನ್ನು ದೀಪದ ಕೆಳಗೆ ಬಿಟ್ಟು ಬೇರೆ ಕಡೆ ನೋಡುತ್ತಿದ್ದರು. ಮೂರು ವರ್ಷದಿಂದ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಗಿರಾಕಿಗಳು ಹಿಡಿಯುತ್ತಿದ್ದದ್ದು ಪುಸ್ತಕದ ಇನ್ನೊಂದು ತುದಿಯನ್ನು.

"ಹಿಂಡಿ ತೆಗೀತೀರಾ?"

"ಮುಟ್ಟಲ್ಲ. ಹಿಂಡಿದ್ರೆ ಇನ್ನೂ ಒಳಗೆ ಹೋಗತ್ತೆ. ಮೊನ್ನೆ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ, ಇಂಜೆಕ್ಷನ್ ತಗೊಂಡಿದ್ರೆ ಬಹುಶಃ ಇಷ್ಟಕ್ಕೆ ಬರ್ತಿರಲಿಲ್ಲ. ಮನೇಲಿ ಮಾಡೋ ಕಾಲ ಮುಗೀತು. ಚಪ್ಪಲಿ ಹಾಕ್ಕೊಳ್ಳಿ."

"ನಾಳೆ ಬೆಳಿಗ್ಗೆ ಹೋದ್ರೆ ಆಗಲ್ವಾ? ಹಾಜರಿ ಪುಸ್ತಕ ಕೊಡಬೇಕು, ಗುರುವಾರ ಅಂದಿದೀನಿ."

"ನೀವು ಇಷ್ಟು ವರ್ಷದಲ್ಲಿ ಯಾವ ಗುರುವಾರ ಕೊಟ್ಟಿದೀರಿ? ಕಾಣೆಯಾದ ಪುಟದಲ್ಲಿ ಏನಿದೆ ಅಂತ ಕೇಳಿದ್ರಲ್ಲ, ಇದೇ ಇರೋದು. ಆಸ್ಪತ್ರೆಗೆ ಹೋಗಿ, ಈಗಲೇ. ಮಿಕ್ಕ ಹದಿನೈದು ಪುಟ ದಾರಿಯಲ್ಲಿ ಹೇಳ್ತೀನಿ."

"ಬೆರಳು ತೆಗೆದುಬಿಡ್ತಾರಾ?" ಎಂದು ಬೈಂಡರು ಮೆಟ್ಟಿಲಿಳಿಯುವಾಗ ಕೇಳಿದರು. ನರ್ಸಮ್ಮ ಅವರ ಮೊಣಕೈ ಹಿಡಿದುಕೊಂಡರು.

ಆಸ್ಪತ್ರೆಯ ಕಿಟಕಿಯ ಹಿಂದಿನ ಹೊಸ ಗುಮಾಸ್ತ ತಲೆ ಎತ್ತದೆ ಫಾರಂ ತುಂಬುತ್ತಿದ್ದ. ಇದು ಬೇರೆ ಜಾತಿಯ ಫಾರಂ. ಇದರಲ್ಲಿ ಬರಿಯ ಪ್ರಶ್ನೆಗಳು.

"ಹೆಂಡತಿ?"

"ಇಲ್ಲ."

"ಮಕ್ಕಳು?"

"ಇಲ್ಲ."

"ಜೊತೆಗೆ ಬಂದಿರೋರು ಯಾರು? ನೀವಾ? ನೀವು ಇವರಿಗೆ ಏನಾಗ್ಬೇಕು?"

"ಗಿರಾಕಿ" ಅಂದರು ನರ್ಸಮ್ಮ.

ಗುಮಾಸ್ತ ಆಗ ತಲೆ ಎತ್ತಿದ. ಸಂಬಂಧ ಎಂಬ ಖಾನೆಯಲ್ಲಿ ಹಾಗೆ ಬರೆಯಬಹುದೋ ಬಾರದೋ ಎಂದು ಪಕ್ಕದವನನ್ನು ಕೇಳಿದ. ಬರೆದ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಬೈಂಡರ ಕಣ್ಣಿಗೆ ಇನ್ನೂ ಹಾಜರಿ ಪುಸ್ತಕದೊಳಗೇ ಇರಬೇಕಾದವಳು. ಬೆರಳು ಮರಗಟ್ಟಿಸಿ, ಸೀಳಿ, ಕೀವು ತೆಗೆದಳು. ಒಳಗೆ ತುಕ್ಕಿನ ಚೂರೊಂದು ಸಿಕ್ಕಿತು. "ಇದರ ಮೇಲೆ ಏನು ಹಚ್ಚಿದ್ರಿ?" ಎಂದು ಕೇಳಿ, ಉತ್ತರ ಕೇಳಿ, ಇನ್ನೊಂದು ಸಲ ತೊಳೆದಳು. "ಮೂಳೆಗೆ ಹೋಗಿದೆಯೋ ಇಲ್ಲವೋ ಮೂರು ದಿನ ನೋಡಿ ಹೇಳ್ತೀನಿ. ಹೋಗಿದ್ರೆ ತುದಿ ತೆಗೀಬೇಕಾಗತ್ತೆ" ಅಂದಳು.

ಆ ಮೂರು ದಿನ ಬೈಂಡರು ವಾರ್ಡಿನಲ್ಲಿ ಕೈ ಎತ್ತಿ ಕಟ್ಟಿಸಿಕೊಂಡು, ಪಾಠ ಗೊತ್ತಿರುವ ವಿದ್ಯಾರ್ಥಿಯ ಹಾಗೆ ಮಲಗಿದ್ದರು. ಸಂಜೆ ನಾಲ್ಕರಿಂದ ಆರು ನೋಡಲು ಬರುವವರ ಹೊತ್ತು. ಎಡ ಹಾಸಿಗೆಗೆ ಏಳು ಜನ, ಬಲ ಹಾಸಿಗೆಗೆ ಐದು ಜನ ಬರುತ್ತಿದ್ದರು. ಜಾಗ ಸಾಲದೆ ಅವರಲ್ಲಿ ಕೆಲವರು ಬೈಂಡರ ಮಂಚದ ಮೇಲೆ ಇವರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಬೈಂಡರು ಕಾಲು ಮಡಚಿ ಜಾಗ ಮಾಡಿಕೊಡುತ್ತಿದ್ದರು. ದೂರದಿಂದ ನೋಡಿದವರಿಗೆ ಆ ಮಂಚಕ್ಕೂ ಜನ ಬಂದಿದ್ದಾರೆ ಅನ್ನಿಸಲಿ ಎಂದು, ಆ ಬೆನ್ನುಗಳ ಕಡೆಗೆ ಆಗಾಗ ತಲೆ ಆಡಿಸುತ್ತಲೂ ಇದ್ದರು. ನರ್ಸಮ್ಮ ಮೊದಲ ದಿನ ಬರಲಿಲ್ಲ, ಎರಡನೆಯ ದಿನವೂ ಬರಲಿಲ್ಲ. ಮೂವತ್ತೊಂದು ವರ್ಷ ದುಡಿದ ಕಟ್ಟಡಕ್ಕೆ ಕೆಲಸವಿಲ್ಲದೆ ಬರುವುದು ಅವರಿಗೆ ಕಷ್ಟ ಎಂಬುದು ಬೈಂಡರಿಗೆ ಆಮೇಲೆ ಗೊತ್ತಾದ ವಿಷಯ. ಮೂರನೆಯ ದಿನ ಡಾಕ್ಟರು ಹುಡುಗಿ ಬೆರಳನ್ನೂ ಎಕ್ಸ್‌ರೇ ಫೋಟೋವನ್ನೂ ನೋಡಿ, "ಮೂಳೆ ಚೆನ್ನಾಗಿದೆ. ಬೆರಳು ಉಳೀತು" ಅಂದಾಗ ಬೈಂಡರು ಪಕ್ಕಕ್ಕೆ ತಿರುಗಿ ಹೇಳಲು ಬಾಯಿ ತೆರೆದರು. ಬೆಳಗಿನ ಹೊತ್ತು. ಬೆನ್ನುಗಳೂ ಇರಲಿಲ್ಲ.

ಮನೆಗೆ ಕಳಿಸುವಾಗ, ದಿನಾ ಬ್ಯಾಂಡೇಜು ಬದಲಿಸಬೇಕು, ಒದ್ದೆ ಮಾಡಬಾರದು, ವಾಸಿಯಾಯಿತು ಅನ್ನಿಸಿದರೂ ಮಾತ್ರೆ ಪೂರ್ತಿ ಮುಗಿಸಬೇಕು, ಮತ್ತೆ ಕೆಂಪು ಹರಡಿದರೆ, ಜ್ವರ ಬಂದರೆ ತಕ್ಷಣ ಬರಬೇಕು ಎಂದು ಹೇಳಿ ಕಳಿಸಿದರು. ಬೈಂಡರು ಒಪ್ಪಿಕೊಂಡು ಬಂದರು. ಬಲಗೈ ಹೆಬ್ಬೆರಳಿಗೆ ತಾವೇ ಬ್ಯಾಂಡೇಜು ಕಟ್ಟಿಕೊಳ್ಳುವುದು ಹೇಗೆ ಎಂದು ಯಾರೂ ಹೇಳಿರಲಿಲ್ಲ. ಅವರು ಪಟ್ಟಿಯ ಒಂದು ತುದಿಯನ್ನು ಪುಸ್ತಕದ ಪ್ರೆಸ್ಸಿಗೆ ಕೊಟ್ಟು ತಿರುಪು ಬಿಗಿ ಮಾಡಿ, ಕೈಯನ್ನು ತಿರುಗಿಸುತ್ತಾ ಸುತ್ತಿಕೊಂಡರು. ಸುತ್ತುವುದೇನೋ ಚೆನ್ನಾಗಿಯೇ ಆಯಿತು. ಆಮೇಲೆ ಪ್ರೆಸ್ಸಿನಿಂದ ಬಿಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಪುಸ್ತಕದ ಗತಿ ಏನಾಯಿತೆಂದು ನೋಡಲು ಬಂದ ನರ್ಸಮ್ಮ ಕಂಡದ್ದು ಆ ದೃಶ್ಯ.

"ಪ್ರೆಸ್ಸು ಕೈ ತೊಳೆದುಕೊಂಡಿತ್ತಾ?" ಎಂದು ಕೇಳಿದರು. "ನಾಳೆಯಿಂದ ನಾಲ್ಕು ಗಂಟೆಗೆ ಮನೆಗೆ ಬನ್ನಿ."

ಬೈಂಡರು ಹೋದರು. ಕುದಿಸಿ ಆರಿಸಿದ ನೀರು, ತೊಳೆದ ಕೈ, ದೀಪದ ಕೆಳಗೆ ಬೆರಳು. ಅಂಟಿದ ಬಟ್ಟೆಯನ್ನು ನರ್ಸಮ್ಮ ಎಳೆಯುತ್ತಿರಲಿಲ್ಲ. ನೀರಿನಲ್ಲಿ ನೆನೆಸಿ, ತಾನಾಗಿ ಬಿಡುವವರೆಗೆ ಕಾಯುತ್ತಿದ್ದರು. ಹಳೆಯ ಪುಸ್ತಕದ ರಟ್ಟು ಬಿಡಿಸುವುದೂ ಹಾಗೆಯೇ ಎಂದು ಬೈಂಡರು ಎರಡನೆಯ ದಿನ ಹೇಳಿದರು. ಆ ವರ್ಷ ಅವರು ಅಗತ್ಯವಿಲ್ಲದೆ ಆಡಿದ ಮೊದಲ ಮಾತು ಅದು. ಮೂರನೆಯ ದಿನ ಸ್ಪಿರಿಟ್ ಯಾಕೆ ಹಾಕುವುದಿಲ್ಲ ಎಂದು ಕೇಳಿದರು. "ಹೊಸದಾಗಿ ಬರ್ತಿರೋ ಚರ್ಮಾನೂ ಸುಡತ್ತೆ" ಅಂದರು ನರ್ಸಮ್ಮ. ನಾಲ್ಕನೆಯ ದಿನ ಹೋದಾಗ ಎರಡನೆಯ ಕುರ್ಚಿಯ ಮೇಲಿನ ಬಟ್ಟೆ ಇರಲಿಲ್ಲ. ಆರನೆಯ ದಿನದಿಂದ ಬೈಂಡರು ಮೂರೂವರೆಗೇ ಬಂದು ಲಾಂಡ್ರಿಯ ಮುಂದೆ ನಿಂತು, ಇಸ್ತ್ರಿಯವನು ಮಡಚುವುದನ್ನು ನೋಡುತ್ತಾ ನಾಲ್ಕು ಹೊಡೆಯುವುದನ್ನು ಕಾಯುತ್ತಿದ್ದರು.

ಗಾಯ ತಳದಿಂದ ತುಂಬಿಕೊಂಡು ಬಂತು. ಅಂಚಿನಲ್ಲಿ ಗುಲಾಬಿ ಬಣ್ಣದ ಚರ್ಮ ಕಂಡಿತು. ನರ್ಸಮ್ಮ, "ಎಷ್ಟು ಚೆನ್ನಾಗಿ ಬರ್ತಿದೆ ನೋಡ್ರೀ" ಎಂದು ಹೆಮ್ಮೆಪಟ್ಟರು. ಬೈಂಡರಿಗೆ ಅದು ಸ್ವಲ್ಪ ಆತುರ ಮಾಡುತ್ತಿದೆ ಅನ್ನಿಸಿತು.

ಹತ್ತೊಂಬತ್ತನೆಯ ದಿನ ನರ್ಸಮ್ಮ ಪಟ್ಟಿ ಬಿಚ್ಚಿ, ಬೆರಳನ್ನು ಮಡಚಿಸಿ, ಚಾಚಿಸಿ, ತುದಿ ಒತ್ತಿ ನೋಡಿದರು. ಹೊಸ ಪಟ್ಟಿ ತೆಗೆಯಲಿಲ್ಲ. ತಟ್ಟೆಯ ನೀರು ಚೆಲ್ಲಿ ಬಂದರು, ಕತ್ತರಿ ಒರೆಸಿ ಡಬ್ಬಿಯಲ್ಲಿಟ್ಟರು, ಡಬ್ಬಿಯ ಮುಚ್ಚಳ ಹಾಕಿದರು.

"ಮುಗೀತು. ಇನ್ನು ಗಾಳಿ ಆಡಲಿ. ನಾಳೆಯಿಂದ ಬರೋದು ಬೇಡ."

ಬೈಂಡರು ಹೆಬ್ಬೆರಳನ್ನು ನೋಡಿಕೊಂಡರು. ಸೂಜಿ ತಳ್ಳಬಹುದು, ಬೆನ್ನು ಒತ್ತಬಹುದು. ಅಂಗಡಿಯಲ್ಲಿ ಮೂರು ವಾರದ ಕೆಲಸ ಬಿದ್ದಿತ್ತು. ಅವರು ಏಳಲಿಲ್ಲ. ಕೆಳಗೆ ಇಸ್ತ್ರಿಯವನು ನೀರು ಚಿಮುಕಿಸಿದ ಸದ್ದು ಬಂತು. ನರ್ಸಮ್ಮ ದೀಪ ಆರಿಸಲು ಕೈ ಚಾಚಿ, ಹಾಗೇ ನಿಲ್ಲಿಸಿ ಕೇಳಿದರು.

"ಮತ್ತೇನಾದ್ರೂ ಇದೆಯೇನ್ರೀ?"

"ಎಡಗೈ ಇದೆ" ಅಂದರು ಬೈಂಡರು.